ರಕ್ತದ ಬಾಟಲಿಯ ಚೀಟಿ

2003ರ ಜೂನ್ 17, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಕ್ಕೆ ದೇಗಾಂವದ ಸೋಮವ್ವ ಹಾಲಗೊಪ್ಪ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ವಕೀಲರು ಕೊಟ್ಟ ಒಂದು ಜೆರಾಕ್ಸ್ ಕಾಗದ. ಬರವಣಿಗೆ ಮೇಜಿನ ಹಿಂದೆ ಕುಳಿತಿದ್ದ ಮಹಿಳಾ ಕಾನ್‌ಸ್ಟೆಬಲ್ ಅನ್ನಪೂರ್ಣಾ ಆಕೆಯನ್ನು ಕಂಡೊಡನೆ ಎದ್ದು ನಿಂತಳು. ನಲವತ್ತು ದಿನಗಳ ಹಿಂದೆ ಈ ತಾಯಿಯನ್ನು ಹೆಣದ ಕೋಣೆಯ ಬಾಗಿಲಿನಿಂದ ತೋಳು ಹಿಡಿದು ಈಚೆ ಕರೆತಂದವಳು ಅವಳೇ.

"ಕುಂಡ್ರಿ, ಯವ್ವಾ."

"ಕುಂಡ್ರಾಕ ಬಂದಿಲ್ಲ. ಬರಕೋ. ನನ್ನ ರಾಣಿನ್ನ ಕೊಂದವನ ರಕ್ತಾನ ಈ ಠಾಣ್ಯಾಗಿನವರು ಬದಲಿ ಮಾಡ್ಯಾರ."

"ಯಾರ ಮ್ಯಾಲ ಅನುಮಾನ ಐತ್ರಿ?"

"ರಕ್ತ ತಗದಾಕಿ ನೀನ ಅಲ್ಲೇನು? ನಿನ್ನ ಹೆಸರ ಬರಕೋ."

ಅನ್ನಪೂರ್ಣಾಳ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ಪಿಎಸ್‌ಐ ವರ್ಗವಾಗಿ ಹೋಗಿ ಎರಡು ತಿಂಗಳು. ಅಲ್ಲಿಂದ ಠಾಣೆಯ ಉಸ್ತುವಾರಿ ಹೆಡ್ ಕಾನ್‌ಸ್ಟೆಬಲ್ ನಿಜಗುಣಪ್ಪನದು. ಐವತ್ನಾಲ್ಕರ ಆ ಮನುಷ್ಯ ಒಳಗಿನ ಕುರ್ಚಿಯಿಂದ ಎದ್ದು ಬಂದು, ಸೋಮವ್ವನ ಕೈಯಲ್ಲಿದ್ದ ಕಾಗದವನ್ನು ಒಮ್ಮೆ ನೋಡಿದ.

"ಬರಕೋ ತಂಗಿ," ಎಂದ ಮೆಲ್ಲಗೆ. "ಅವರು ಹೇಳಿದಂಗ ಬರಕೋ."

ಅವಳು ತನ್ನ ಮೇಲಿನ ದೂರನ್ನು ತನ್ನ ಕೈಯಾರೆ ಬರೆದಳು. ಓದಿ ಹೇಳಿದಳು. ಸೋಮವ್ವ ಹೆಬ್ಬೆಟ್ಟು ಒತ್ತಿದಳು.

ಆಗಿದ್ದಿಷ್ಟು. ಮೇ 8ರ ಗುರುವಾರ, ಬೆಳಿಗ್ಗೆ 11:40ಕ್ಕೆ, ಯರಗಟ್ಟಿಯಿಂದ ಉಳ್ಳಾಗಡ್ಡಿ ಹೇರಿಕೊಂಡು ಕಿತ್ತೂರಿನ ಕಡೆ ಹೊರಟಿದ್ದ ಟೆಂಪೋ ಹಾಲಗೊಪ್ಪದ ಬಸ್ ನಿಲ್ದಾಣದ ಕಟ್ಟೆಗೆ ನುಗ್ಗಿತ್ತು. ಹೊಲಿಗೆ ಯಂತ್ರದ ಸೂಜಿ ಕೊಳ್ಳಲು ತಾಯಿಯ ಜೊತೆ ಬಂದು, ಊರಿಗೆ ಮರಳಲು ಬಸ್ಸಿಗೆ ಕಾಯುತ್ತಿದ್ದ ಹತ್ತೊಂಬತ್ತರ ರಾಣಿ ಅಲ್ಲೇ ತೀರಿಹೋದಳು. ಟೆಂಪೋ ಓಡಿಸುತ್ತಿದ್ದವನು ರಾಮದುರ್ಗ ತಾಲೂಕಿನ ಕಟಕೋಳದ ಬಸವಲಿಂಗ. ಅವನ ಬಾಯಿಂದ ಸೆರೆಯ ವಾಸನೆ ಹೊಡೆಯುತ್ತಿತ್ತೆಂದು ಕಟ್ಟೆಯ ಮೇಲಿದ್ದವರೆಲ್ಲ ಹೇಳಿದ್ದರು. ಒಂದೂಕಾಲು ಗಂಟೆಯೊಳಗೆ ಅವನ ರಕ್ತ ತೆಗೆದು ಬಾಟಲಿಗೆ ಅರಗಿನ ಮುದ್ರೆ ಹಾಕಿ, ಮರುದಿನ ಬೆಳಗಾವಿಯ ಪ್ರಯೋಗಾಲಯಕ್ಕೆ ಕಳಿಸಲಾಗಿತ್ತು. ಸೋಮವ್ವ ತಂದಿದ್ದ ಜೆರಾಕ್ಸ್ ಅಲ್ಲಿಂದ ಬಂದ ವರದಿ. ಮದ್ಯಸಾರದ ಅಂಶ ಕಂಡುಬಂದಿಲ್ಲ. ಬಸವಲಿಂಗ ಜಾಮೀನಿನ ಮೇಲೆ ಹೊರಗಿದ್ದ. ಬ್ರೇಕ್ ಫೇಲ್ ಎಂದು ಅವನ ವಕೀಲರು ಬರೆದುಕೊಟ್ಟಿದ್ದರು.

ರಕ್ತ ತೆಗೆಯುವ ಕೆಲಸ ಪೊಲೀಸರ ಕೈಗೆ ಬಂದದ್ದು ಆ ವರ್ಷವೇ. ಕುಡಿದವನನ್ನು ಹಿಡಿದು ಆಸ್ಪತ್ರೆಗೆ ಒಯ್ದರೆ ವೈದ್ಯರು ಇನ್ನೊಂದು ಊರಿನಲ್ಲಿರುತ್ತಿದ್ದರು. ಅವರು ಬರುವಷ್ಟರಲ್ಲಿ ಅಮಲು ಇಳಿದುಹೋಗುತ್ತಿತ್ತು. ಅದಕ್ಕೆಂದು ಕೆಲವು ಠಾಣೆಗಳ ಮಟ್ಟಿಗೆ ಒಂದು ಪ್ರಯೋಗ ಮಾಡಿದರು. ವೈದ್ಯರ ಲಿಖಿತ ಒಪ್ಪಿಗೆ ಪಡೆದು, ನರ್ಸಿನ ಎದುರು, ತರಬೇತಾದ ಪೊಲೀಸರೇ ರಕ್ತ ತೆಗೆಯಬೇಕು. ಫೆಬ್ರವರಿಯಲ್ಲಿ ಬೈಲಹೊಂಗಲದಲ್ಲಿ ಹದಿನೈದು ದಿನ ತರಬೇತಿ ನಡೆಯಿತು. ಹಾಲಗೊಪ್ಪದಿಂದ ನಿಜಗುಣಪ್ಪ, ಅನ್ನಪೂರ್ಣಾ ಇಬ್ಬರೂ ಹೋಗಿದ್ದರು. ಮೊದಲು ರಬ್ಬರ್ ನಳಿಕೆಗೆ ಚುಚ್ಚಿ ಕಲಿತದ್ದಾಯಿತು. ಆಮೇಲೆ ಒಬ್ಬರು ಇನ್ನೊಬ್ಬರ ತೋಳಿಗೆ ಚುಚ್ಚಬೇಕು. ಅನ್ನಪೂರ್ಣಾಳ ಕೈ ನಡುಗುವುದನ್ನು ಕಂಡು ಉಳಿದವರೆಲ್ಲ ತೋಳು ಹಿಂದೆಳೆದುಕೊಂಡರು. ನಿಜಗುಣಪ್ಪ ಮಾತ್ರ ಅಂಗಿ ತೋಳು ಮೇಲೇರಿಸಿ ಕುಳಿತ.

"ಚುಚ್ಚವಾ. ಎಮ್ಮಿ ತೊಗಲಿದು. ನಿನಗ ನರ ಸಿಗೂತನಕ ನಾ ಎದ್ದು ಹೋಗಂಗಿಲ್ಲ."

ಒಂಬತ್ತನೆಯ ಸಲಕ್ಕೆ ನರ ಸಿಕ್ಕಿತ್ತು. ಅಂದಿನಿಂದ ಅವನು ಅವಳಿಗೆ ಕಾಕಾ.

*

ದೂರು ಠಾಣೆಯವರ ಮೇಲೆಯೇ ಇದ್ದುದರಿಂದ ಗುನ್ನಾ ನಂಬರ್ 47/2003ರ ಎಫ್‌ಐಆರ್ ಆದ ಕೂಡಲೇ ತನಿಖೆ ಬೈಲಹೊಂಗಲದ ಸರ್ಕಲ್ ಇನ್ಸ್‌ಪೆಕ್ಟರ್ ರಾಮಲಿಂಗಪ್ಪನವರಿಗೆ ಹೋಯಿತು. ಅವರು ಮಧ್ಯಾಹ್ನ ಎರಡಕ್ಕೆ ಜೀಪಿನಲ್ಲಿ ಬಂದಿಳಿದರು. ಮೊದಲು ಕಪಾಟು ನೋಡಿದರು, ಅದರ ಕೀಲಿ ನೋಡಿದರು, ಆಮೇಲೆ ಅನ್ನಪೂರ್ಣಾಳನ್ನು ಎದುರು ಕೂರಿಸಿಕೊಂಡು ಪೆನ್ಸಿಲ್ ಕೈಗೆತ್ತಿಕೊಂಡರು.

"ಎಷ್ಟೊತ್ತಿಗೆ ತಗದಿ?"

"ಹನ್ನೆರಡೂ ಐವತ್ತಕ್ಕ, ಸರ್."

"ಯಾವ ಕೈ?"

"ಎಡಗೈ."

"ಏನು ಹಚ್ಚಿ ಒರಸಿದಿ?"

"ಸಾಬೂನು ನೀರು. ಸ್ಪಿರಿಟ್ ಹಚ್ಚಲಿಲ್ಲ. ಹಚ್ಚಿದ್ರ, ರಕ್ತದಾಗ ಕಂಡ ಸೆರೆ ಅದರದ ಅಂತ ವಕೀಲರು ಹೇಳ್ತಾರ."

"ಬಾಟ್ಲಿ ಎಲ್ಲಿಟ್ರಿ?"

"ಠಾಣಿ ಕಪಾಟಿನಾಗ, ಬರ್ಫ್ ಹಾಕಿದ ಥರ್ಮಾಸಿನೊಳಗ. ಮರುದಿನ ಮುಂಜಾನೆ ಹೆಡ್ ಕಾನ್‌ಸ್ಟೆಬಲ್ ಸಾಹೇಬ್ರು ಬೆಳಗಾವಿಗೆ ಒಯ್ದ್ರು."

"ಕಪಾಟಿನ ಕೀಲಿ?"

"ಎರಡು ಅದಾವ. ಒಂದು ಅವರ ಕಡೆ, ಒಂದು ನನ್ನ ಕಡೆ."

"ಮುದ್ರಿ?"

"ಅದೂ ಅದ ಕಪಾಟಿನಾಗ ಇರತೈತ್ರಿ."

"ಅಂದ್ರ ಬದಲಿ ಮಾಡೂದಿದ್ರ ನೀವಿಬ್ಬರ ಮಾಡಬೇಕು. ಅವರ ಮ್ಯಾಲ ಅನುಮಾನ ಐತೇನು?"

"ಇಲ್ಲ ಸರ್," ಎಂದಳು ಕೇಳಿ ಮುಗಿಯುವುದರೊಳಗೆ.

ಇನ್ಸ್‌ಪೆಕ್ಟರ್ ಮೇ 8ರ ಪಂಚನಾಮೆಯನ್ನು ತೆರೆದು ಗಟ್ಟಿಯಾಗಿ ಓದತೊಡಗಿದರು. 'ಆರೋಪಿಯ ಹಾಗೂ ಪಂಚರ ಸಹಿಯುಳ್ಳ ಚೀಟಿಯನ್ನು ಗೋಂದಿನಿಂದ ಬಾಟಲಿಗೆ ಅಂಟಿಸಿ, ಅರಗಿನ ಮುದ್ರೆ ಹಾಕಿ...'

ಅನ್ನಪೂರ್ಣಾ ಪಂಚನಾಮೆಯ ಆ ಸಾಲಿನ ಮೇಲೆ ಬೆರಳಿಟ್ಟಳು. "ಸರ್, ಅದು ಸುಳ್ಳು."

"ಯಾವದು?"

"ಗೋಂದು. ಅವತ್ತು ಆಸ್ಪತ್ರಿ ಗೋಂದಿನ ಬಾಟ್ಲಿ ಒಣಗಿ ಕಲ್ಲಾಗಿತ್ತು. ಹನ್ನೆರಡರ ಬಿಸಲು, ಹೊರಗ ಮಂದಿ ಕೂಗಾಕತ್ತಿದ್ರು. ನನ್ನ ಡಬ್ಬಿಯೊಳಗ ಅನ್ನ ಇತ್ತು. ನಾಕು ಅಗಳು ಅರದು ಚೀಟಿ ಅಂಟಿಸಿದ್ನಿ. ಪಂಚನಾಮೆ ಬರಿಯೂವಾಗ, ಯಾವಾಗ್ಲೂ ಬರದಂಗ, ಗೋಂದು ಅಂತ ಬರದುಬಿಟ್ನಿ."

"ಪಂಚನಾಮೆಯೊಳಗ ಸುಳ್ಳು ಬರದೇನಿ ಅಂತ ನನ್ನ ಮುಂದ ಹೇಳಾಕತ್ತೀಯಲ್ಲ, ಇದರ ಅರ್ಥ ಗೊತ್ತೈತಿ?"

"ಗೊತ್ತೈತ್ರಿ."

ಅವರು ಪೆನ್ಸಿಲ್ ಕೆಳಗಿಟ್ಟರು. "ಅನ್ನ ಹಚ್ಚಿದ್ದು ಹೆಡ್ ಕಾನ್‌ಸ್ಟೆಬಲ್ ನೋಡ್ಯಾರೇನು?"

"ಇಲ್ಲ. ಅವರು ಅಪಘಾತದ ಜಾಗಾದಾಗ ಮಂದಿ ಚದರಿಸಾಕ ನಿಂತಿದ್ರು. ಪಂಚರು ಚೀಟಿಗೆ ಸಹಿ ಹಾಕಿ ಹೊರಗ ಹೋಗಿದ್ರು. ನೋಡಿದಾಕಿ ಸಿಸ್ಟರ್ ಒಬ್ಬಾಕಿ."

ಸಿಸ್ಟರ್ ಎಂದರೆ ಆಸ್ಪತ್ರೆಯ ನರ್ಸ್ ಕೃಷ್ಣವ್ವ. ಸಂಜೆ ನಾಲ್ಕೂವರೆಗೆ ಆಕೆಯ ಹೇಳಿಕೆಯಾಯಿತು. ಇನ್ಸ್‌ಪೆಕ್ಟರ್ ಅನ್ನದ ಮಾತೆತ್ತದೆ ಚೀಟಿಯ ಬಗ್ಗೆ ಮಾತ್ರ ಕೇಳಿದರು.

"ಚೀಟಿ ಹೆಂಗ ಹಚ್ಚಿದ್ರು?"

ಕೃಷ್ಣವ್ವ ನಕ್ಕಳು. "ಅದನ್ನೇನು ಕೇಳ್ತೀರಿ ಸಾಹೇಬ್ರ. ಡಬ್ಬಿ ಬಿಚ್ಚಿದ್ಲು. ಅಲ್ಲವಾ, ಆರೋಪಿಗೆ ಕೈತುತ್ತು ಹಾಕಾಕಿ ಏನು ಅಂತ ನಾನ ಕೇಳಿದ್ನಿ. ಅನ್ನ ಅರದು ಹಚ್ಚಿದ್ಲು. ಗಟ್ಟಿ ಕುಂತಿತ್ತು ಬಿಡ್ರಿ, ನನ್ನ ಗೋಂದಿಗಿಂತ ಚಲೋ." ನಗು ತಟ್ಟನೆ ನಿಂತಿತು. "ಆಕಿಗೇನೂ ತ್ರಾಸಾಗೂದಿಲ್ಲಲ್ರಿ?"

ಆ ಸಂಜೆ ಮನೆಯಲ್ಲಿ ಅನ್ನಪೂರ್ಣಾ ಎರಡು ವರ್ಷದ ಮಗಳಿಗೆ ಮೊಸರನ್ನ ಉಣಿಸುತ್ತಿದ್ದಾಗ ಅತ್ತೆ ಮುದಕವ್ವ ಕೇಳಿದಳು. "ನೌಕರಿ ಹೋಗತೈತೇನು?"

"ನೌಕರಿ ಅಷ್ಟ ಹೋದ್ರ ಚಲೋ ಆತು, ಅತ್ತಿ."

ಮುದಕವ್ವ ಸೊಸೆಯ ಕೈಯಿಂದ ಬಟ್ಟಲು ಇಸಿದುಕೊಂಡು ತಾನೇ ಉಣಿಸತೊಡಗಿದಳು.

*

ಜೂನ್ 18, ಬುಧವಾರ, 11:20. ಬೆಳಗಾವಿಯ ಪ್ರಯೋಗಾಲಯದಲ್ಲಿ ಇಬ್ಬರು ಪಂಚರ ಎದುರು ಬಾಟಲಿಯನ್ನು ಶೀತಪೆಟ್ಟಿಗೆಯಿಂದ ಹೊರತೆಗೆದರು. ಪರೀಕ್ಷೆಗೆ ಬಳಸಿ ಉಳಿದ ರಕ್ತ ತಳದಲ್ಲಿತ್ತು. ಪರೀಕ್ಷಕಿ ಶೀತಲ ಬೆಚ್ಚಗಿನ ನೀರಿನ ಹಬೆ ತಾಗಿಸಿ ಚೀಟಿಯನ್ನು ಅಂಚಿನಿಂದ ಬಿಡಿಸಿದಳು. ಬಾಟಲಿಯ ಗಾಜಿನ ಮೇಲೆ ಹಳದಿ ಗೋಂದು ಕಂಡಿತು. ಅನ್ನಪೂರ್ಣಾ ಗೋಡೆಗೆ ಒರಗಿ ನಿಂತಿದ್ದಳು.

"ಗೋಂದ ಐತಲ್ಲ," ಎಂದರು ಇನ್ಸ್‌ಪೆಕ್ಟರ್.

"ತಡೀರಿ ಸರ್." ಶೀತಲ ಚೀಟಿಯನ್ನು ಬೋರಲಾಗಿ ಹರವಿ ಬೆಳಕಿಗೆ ಹಿಡಿದಳು. ಗೋಂದಿನ ಪೊರೆಯ ಕೆಳಗೆ, ಕಾಗದಕ್ಕೆ ಕಚ್ಚಿಕೊಂಡು ಬಿಳಿಯ ಹೆಕ್ಕಳಿಕೆ ಇತ್ತು. ಅದನ್ನು ಕೆರೆದು ಅಯೋಡಿನ್ ಹನಿ ಬಿಟ್ಟಳು. ಹನಿ ಬಿದ್ದ ಜಾಗ ಕಡು ನೀಲಿಯಾಯಿತು.

"ಪಿಷ್ಟ. ಅನ್ನದ್ದಿರಬಹುದು. ಗೋಂದಿಗೆ ಈ ಬಣ್ಣ ಬರೂದಿಲ್ಲ. ಗಾಜಿನ ಮ್ಯಾಲ ಅನ್ನದ ಗುರುತ ಇಲ್ಲ. ಈ ಚೀಟಿ ಮೊದಲು ಬ್ಯಾರೆ ಬಾಟ್ಲಿ ಮ್ಯಾಲಿತ್ತು, ಸರ್."

ಯಾರೋ ಸಹಿಗಳಿಗಾಗಿ ಹಳೆಯ ಚೀಟಿಯನ್ನು ಬಿಡಿಸಿ ಉಳಿಸಿಕೊಂಡಿದ್ದರು. ಪಂಚನಾಮೆಯಲ್ಲಿ ಗೋಂದು ಎಂದಿದ್ದುದನ್ನು ಓದಿ, ಹೊಸ ಬಾಟಲಿಗೆ ಅದನ್ನು ಗೋಂದಿನಿಂದಲೇ ಅಂಟಿಸಿದ್ದರು. ಅನ್ನಪೂರ್ಣಾಳ ಆ ಒಂದು ಸುಳ್ಳನ್ನು ನಂಬಿದ್ದರು.

ಉಳಿದ ರಕ್ತದ ಗುಂಪು ನೋಡಿದರು. ಬಿ. ಬಸವಲಿಂಗನ ಲೈಸೆನ್ಸಿನ ಮೇಲೆ ಓ ಎಂದಿತ್ತು.

ಬೈಲಹೊಂಗಲಕ್ಕೆ ಹಿಂದಿರುಗಿ ಇನ್ಸ್‌ಪೆಕ್ಟರ್ ತರಬೇತಿಯ ವಹಿ ತರಿಸಿದರು. ಕಲಿಯುವಾಗ ತೆಗೆದ ರಕ್ತ ಸುಮ್ಮನೆ ಚೆಲ್ಲಬಾರದೆಂದು ಅಲ್ಲಿಯ ವೈದ್ಯರು ಎಲ್ಲರ ಗುಂಪು, ಸಕ್ಕರೆ ಎರಡನ್ನೂ ನೋಡಿ ವಹಿಯಲ್ಲಿ ಬರೆಸಿದ್ದರು. ಇನ್ಸ್‌ಪೆಕ್ಟರರ ಪೆನ್ಸಿಲ್ ಗುಂಪಿನ ಸಾಲಿನಲ್ಲಿ ಕೆಳಗಿಳಿಯುತ್ತ ಎರಡು ಹೆಸರುಗಳ ಮುಂದೆ ನಿಂತಿತು. ನಿಜಗುಣಪ್ಪ, ಬಿ ಗುಂಪು. ಅನ್ನಪೂರ್ಣಾ, ಅದೂ ಬಿ. ಅವರು ವಹಿ ಮುಚ್ಚಿದರು.

*

ಜೂನ್ 19, ಗುರುವಾರ. ಜೀಪು ಸವದತ್ತಿ ದಾಟಿ ಬೆಳಿಗ್ಗೆ ಹತ್ತೂ ಐವತ್ತಕ್ಕೆ ಕಟಕೋಳ ಮುಟ್ಟಿತು. ಗುರುತಿಸಲು ಬೇಕೆಂದು ಅನ್ನಪೂರ್ಣಾಳನ್ನೂ ಕರೆತಂದಿದ್ದರು. ಬಸವಲಿಂಗ ಇನ್ನೊಂದು ಟೆಂಪೋಕ್ಕೆ ಗೋವಿನಜೋಳದ ಚೀಲ ಹೇರಿಸುತ್ತಿದ್ದ. ಹತ್ತಿರ ಹೋದೊಡನೆ ವಾಸನೆ ಬಂತು. ಇನ್ನೂ ಹನ್ನೊಂದು ಹೊಡೆದಿರಲಿಲ್ಲ.

"ಯಾರಿಗೆ ಏನು ಕೊಟ್ಟಿ?"

"ಯಾತಕ್ರಿ?"

"ರಕ್ತ ಬದಲಿ ಮಾಡಾಕ."

"ನಾ ಯಾರಿಗೂ ಏನೂ ಕೊಟ್ಟಿಲ್ಲರಿ. ಯಾರನ್ನೂ ಕೇಳಿಲ್ಲ."

"ಅವತ್ತು ಕುಡದಿದ್ದಿ?"

ಬಸವಲಿಂಗನ ತುಟಿಯಂಚಿನಲ್ಲಿ ನಗೆ ಮೂಡಿತು. "ಕುಡದಿಲ್ಲ ಅಂತ ಸರಕಾರದ ಕಾಗದಾನ ಬಂದೈತಲ್ರಿ."

ಅನ್ನಪೂರ್ಣಾಳಿಗೆ ಮೈ ಉರಿಯಿತು. ಅವನ ಬೆನ್ನ ಹಿಂದೆ ಚೀಲ ತುಂಬಿದ ಟೆಂಪೋ, ಅದರಾಚೆ ರಸ್ತೆ, ರಸ್ತೆಯ ಬದಿಯಲ್ಲಿ ಶಾಲೆಯ ಮಕ್ಕಳು. ಇನ್ಸ್‌ಪೆಕ್ಟರ್ ಟೆಂಪೋದ ಕೀಲಿ ಕಿತ್ತುಕೊಂಡು, ಸ್ಥಳೀಯ ಹೊರಠಾಣೆಯವರನ್ನು ಕರೆಸಿ ಅವನನ್ನು ಅವರ ವಶಕ್ಕೆ ಒಪ್ಪಿಸಿದರು.

ಹಿಂದಿರುಗುವಾಗ ಸವದತ್ತಿಯ ಒಂದು ಚಹಾದ ಅಂಗಡಿಯಲ್ಲಿ ಕುಳಿತರು. ಚಾಲಕ ಹೊರಗೆ ಜೀಪಿಗೆ ನೀರು ಹಾಕುತ್ತಿದ್ದ.

"ಅವ ಖರೇ ಹೇಳಿದ," ಎಂದರು ಇನ್ಸ್‌ಪೆಕ್ಟರ್. "ಕೊಟ್ಟವ ಇಷ್ಟು ಧಿಮಾಕು ಮಾಡಂಗಿಲ್ಲ, ಹೆದರತಾನ. ಅಂದಮ್ಯಾಲ ಬದಲಿ ಮಾಡಿದವರು ತಾವಾಗೇ ಮಾಡ್ಯಾರ. ಅನ್ನಪೂರ್ಣಾ, ಬಾಟ್ಲಿಯೊಳಗಿನ ರಕ್ತ ಬಿ. ನಿಂದೂ ಬಿ."

"ಹೌದ್ರಿ."

"ಅನ್ನದ ಕತಿ ಹೇಳಿದಾಕಿ ನೀನು. ನೀನ ಬದಲಿ ಮಾಡಿ, ಸಿಕ್ಕಿಬೀಳ್ತೇನಿ ಅಂತ ಆ ಕತಿ ಮುಂದ ಇಟ್ಟಿ ಅಂತ ಕೋರ್ಟಿನಾಗ ಕೇಳಿದ್ರ ನಾ ಏನು ಹೇಳ್ಲಿ? ನಾಳೆ ಸಂಜಿಯೊಳಗ ನಾ ಒಂದು ಹೆಸರು ಬರೀಬೇಕು."

ಚಹಾ ಬಂತು. ಅವಳು ಮುಟ್ಟಲಿಲ್ಲ. ನಿನ್ನೆ ಶೀತಲ 'ಬಿ' ಎಂದಾಗಿನಿಂದ ಒಂದು ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಅದನ್ನು ಆಡಿದರೆ ತಾನು ಉಳಿಯುತ್ತೇನೆಂದು ಅವಳಿಗೆ ಗೊತ್ತಿತ್ತು. ಯಾರು ಮುಳುಗುತ್ತಾರೆಂಬುದೂ ಗೊತ್ತಿತ್ತು. ಆಡದೆ ಹೋದರೆ, ಕಟಕೋಳದ ಆ ನಗೆ ನಾಳೆ ಮತ್ತೊಂದು ಕಟ್ಟೆಯ ಮೇಲೆ ಹರಿಯುತ್ತದೆ.

"ಸರ್, ರಕ್ತ ಕೆಡದಂಗ ಬಾಟ್ಲಿಯೊಳಗ ಒಂದು ಪುಡಿ ಹಾಕಿರತಾರ. ಆಸ್ಪತ್ರ್ಯಾಗ ಸಕ್ಕರಿ ನೋಡಾಕ ರಕ್ತ ತಗೀತಾರಲ್ಲ, ಆ ಬಾಟ್ಲಿಗೂ ಅದ ಪುಡಿ. ತರಬೇತಿಯೊಳಗ ಹೇಳಿದ್ರು." ಅವಳ ದನಿ ಸಣ್ಣದಾಯಿತು. "ಉಳದ ರಕ್ತದಾಗ ಸಕ್ಕರಿ ನೋಡಸ್ರಿ."

"ನಲವತ್ತು ದಿನದ ಮ್ಯಾಲ ಸಿಗತೈತೇನು?"

"ಒಂದಿಷ್ಟು ಇಳದಿರತೈತಿ. ಏರೂದಂತೂ ಇಲ್ಲ."

ಇನ್ಸ್‌ಪೆಕ್ಟರ್ ಅವಳ ಮುಖ ನೋಡಿದರು. ವಹಿಯಲ್ಲಿ ತಾವು ಓದದೆ ಬಿಟ್ಟ ಸಾಲು ಅವರಿಗೆ ಆಗ ನೆನಪಾಗಿರಬೇಕು. ಎದ್ದು ಟೆಲಿಫೋನ್ ಬೂತಿನ ಕಡೆ ನಡೆದರು.

*

ಜೂನ್ 20, ಶುಕ್ರವಾರ, ಮಧ್ಯಾಹ್ನ 3:10ಕ್ಕೆ ಶೀತಲಳ ಫೋನ್ ಬಂತು. ಸಕ್ಕರೆ ಇನ್ನೂರ ಅರವತ್ತೆಂಟು. ಇಳಿದ ಮೇಲೆ ಇಷ್ಟಿದೆ, ಎಂದಳು ಆಕೆ. ಇನ್ಸ್‌ಪೆಕ್ಟರ್ ವಹಿ ತೆರೆದರು. ಅನ್ನಪೂರ್ಣಾ, ತೊಂಬತ್ತೆರಡು. ನಿಜಗುಣಪ್ಪ, ಮುನ್ನೂರ ಹತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ವೈದ್ಯರ ಟಿಪ್ಪಣಿ, ಔಷಧ ಶುರು ಮಾಡತಕ್ಕದ್ದು.

3:45ಕ್ಕೆ ಅವರು ಹಾಲಗೊಪ್ಪ ಠಾಣೆಯ ಒಳಕೋಣೆಗೆ ಹೋದರು. ಹೇಳಿಕೆ ಬರೆದುಕೊಳ್ಳಲು ಬೈಲಹೊಂಗಲದ ಕಾನ್‌ಸ್ಟೆಬಲ್ ಕುಳಿತ. ಅನ್ನಪೂರ್ಣಾ ಬಾಗಿಲ ಬಳಿ ನಿಂತಳು.

"ನಿಜಗುಣಪ್ಪ, ಎಡಗೈಯಿಂದ ತಗದ್ರೋ ಬಲಗೈಯಿಂದ ತಗದ್ರೋ?"

ನಿಜಗುಣಪ್ಪ ಎಡಗೈಯ ಅಂಗಿ ತೋಳು ಮೇಲೇರಿಸಿದ. "ಎಡಗೈಯಿಂದ. ಒಂಬತ್ತನೇ ತಾರೀಖು ಮುಂಜಾನೆ ಆರಕ್ಕ. ವಸ್ತ್ರ ಹಲ್ಲಿನಾಗ ಹಿಡದು ತೋಳಿಗೆ ಕಟಿಗೊಂಡ್ನಿ."

"ಅವನ ರಕ್ತ?"

"ಮೋರ್ಯಾಗ ಚೆಲ್ಲಿದ್ನಿ."

"ಅವ ಕೇಳಿದ್ನೇನು?"

"ಇಲ್ಲರಿ. ಅವಗ ನನ್ನ ಮಾರಿನೂ ನೆನಪಿಲ್ಲ." ತಲೆ ಎತ್ತಿದ. ಕಣ್ಣು ಅನ್ನಪೂರ್ಣಾಳ ಮೇಲೆ ನಿಂತಿತು. "ಸಕ್ಕರಿ ನೋಡ್ರಿ ಅಂತ ಯಾರು ಹೇಳಿದ್ರು?"

"ನಾನು, ಕಾಕಾ," ಎಂದಳು ಅನ್ನಪೂರ್ಣಾ.

ಅವನು ತಲೆಯಾಡಿಸಿದ. "ಚಲೋ ಕಲ್ತಿ."

"ಆಕಿ ಹೆಸರು ದೂರಿನೊಳಗ ಬಂದಾಗ ಯಾಕ ಸುಮ್ಮನ ಕುಂತ್ರಿ?" ಇನ್ಸ್‌ಪೆಕ್ಟರರ ದನಿ ಮೊದಲ ಸಲ ಏರಿತು.

"ಆಕಿ ಏನೂ ಮಾಡಿಲ್ಲ, ಆಕಿ ಮ್ಯಾಲ ಏನು ಸಾಬೀತಾಗತೈತಿ ಅಂತ ತಿಳದ್ನಿ ಸರ್. ದಿನಾ ನಾಳೆ ಹೇಳೂಣು ಅಂತಿದ್ನಿ."

ಆಮೇಲೆ ಉಳಿದದ್ದನ್ನು ತಾನಾಗಿಯೇ ಹೇಳಿದ. 1996ರಲ್ಲಿ ಅವನ ಹೆಂಡತಿ ಬಾಯವ್ವ ಹೆರಿಗೆಯಲ್ಲಿ ರಕ್ತ ಹೋಗಿ ನಿತ್ರಾಣಳಾಗಿದ್ದಳು. ಸಿಕ್ಕ ಟೆಂಪೋದಲ್ಲಿ ಬೆಳಗಾವಿಗೆ ಒಯ್ದರು. ರಕ್ತ ಬೇಕೆಂದಾಗ ಆಸ್ಪತ್ರೆಯ ಹೊರಗೆ ನಿಂತಿದ್ದ ಆರು ಜನ ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ನಿಜಗುಣಪ್ಪನಿಗೆ ಆಗ ಕಾಮಾಲೆ. ಅವನ ರಕ್ತ ಬೇಡವೆಂದರು. ಆಗ ಟೆಂಪೋದ ಕ್ಲೀನರ್ ಹುಡುಗ ಒಳಗೆ ಹೋಗಿ ಮಲಗಿದ್ದ. ರಕ್ತ ಕೊಟ್ಟು, ಒಂದು ಬಾಳೆಹಣ್ಣು ತಿಂದು, ಹೆಸರು ಕೇಳಿದರೆ ಕಟಕೋಳದವ ಎಂದಷ್ಟೇ ಹೇಳಿ ಹೋಗಿದ್ದ. ಮೇ 8ರಂದು ಆರೋಪಿಯ ವಿಳಾಸ ಬರೆಸುವಾಗ 'ಕಟಕೋಳ' ಎಂಬ ಮಾತು ಕೇಳಿ ನಿಜಗುಣಪ್ಪ ತಲೆಯೆತ್ತಿ ನೋಡಿದ್ದ. ಅದೇ ಕ್ಲೀನರ್ ಹುಡುಗನ ಮುಖ.

"ಸತ್ತಾಕಿ ತಿರಗಿ ಬರಂಗಿಲ್ಲ, ಇದ್ದವ ಯಾಕ ಜೈಲಿಗೆ ಹೋಗಬೇಕು ಅನಿಸ್ತು ಸರ್. ಆ ಹೊತ್ತಿಗೆ ಅಷ್ಟ ಅನಿಸ್ತು."

"ನಿನ್ನೆ ಹತ್ತೂ ಐವತ್ತಕ್ಕ ಅವ ಕುಡದು ಗಾಡಿ ಹೇರಾಕತ್ತಿದ್ದ," ಎಂದರು ಇನ್ಸ್‌ಪೆಕ್ಟರ್.

ನಿಜಗುಣಪ್ಪ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ.

4:30ಕ್ಕೆ, ಸಾಕ್ಷ್ಯ ನಾಶಪಡಿಸಿದ ಆರೋಪದ ಮೇಲೆ ಅವನನ್ನು ದಸ್ತಗಿರಿ ಮಾಡಲಾಯಿತು. ಅವನು ತಾನೇ ಬೆಲ್ಟು, ಟೋಪಿ ಬಿಚ್ಚಿ ಮೇಜಿನ ಮೇಲಿಟ್ಟ. ಬಸವಲಿಂಗನ ನಿಜವಾದ ರಕ್ತ ಇನ್ನು ಸಿಗುವುದಿಲ್ಲ. ಆ ವರದಿಯನ್ನು ರದ್ದುಪಡಿಸಿ, ಕಟ್ಟೆಯ ಮೇಲಿದ್ದವರ ಮತ್ತು ನರ್ಸಿನ ಸಾಕ್ಷಿಯ ಮೇಲೆ ಪ್ರಕರಣ ನಡೆಸಬೇಕೆಂದು ಇನ್ಸ್‌ಪೆಕ್ಟರ್ ನ್ಯಾಯಾಲಯಕ್ಕೆ ಬರೆದರು. ಬಸವಲಿಂಗನ ಜಾಮೀನು ರದ್ದಿಗೂ ಬರೆದರು. ಪಂಚನಾಮೆಯಲ್ಲಿ ಇಲ್ಲದ್ದನ್ನು ಬರೆದುದಕ್ಕೆ ಅನ್ನಪೂರ್ಣಾಳಿಗೆ ನೋಟಿಸು ಬರಲಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ.

ದಸ್ತಗಿರಿಯ ತಿಳಿವಳಿಕೆ ಪತ್ರವನ್ನು ಆರೋಪಿಯ ಮನೆಯವರಿಗೆ ಮುಟ್ಟಿಸಿ ಸಹಿ ಪಡೆಯಬೇಕು.

"ಬೈಲಹೊಂಗಲದವನನ್ನ ಕಳಸ್ತೇನಿ," ಎಂದರು ಇನ್ಸ್‌ಪೆಕ್ಟರ್.

"ಬ್ಯಾಡ್ರಿ ಸರ್. ನಾ ಹೋಗ್ತೇನಿ."

ಠಾಣೆಯ ಹಿಂದಿನ ಕ್ವಾರ್ಟರ್ಸಿನ ಮೂರನೆಯ ಮನೆ. ಬಾಯವ್ವ ಅಂಗಳದಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಪತ್ರವನ್ನು ಎರಡು ಸಲ ಓದಿದಳು.

"ಯಾಕ ಮಾಡಿದ್ರು?"

ಆ ಪತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ. ಅನ್ನಪೂರ್ಣಾ ಪಕ್ಕದಲ್ಲಿ ಕುಳಿತು, ಏನನ್ನೂ ಬಿಡದೆ, ಏನನ್ನೂ ಸೇರಿಸದೆ, ಎಲ್ಲ ಹೇಳಿದಳು. ಬಾಯವ್ವ ಕೇಳುತ್ತ ಕೇಳುತ್ತ ತನ್ನ ಎರಡೂ ಮುಂಗೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನ್ನ ಕೇಳಿದ್ರ ಬ್ಯಾಡ ಅಂತಿದ್ನಿ," ಎಂದಳು. "ಆ ಹುಡುಗಿ ಹೆಸರೇನು?"

"ರಾಣಿ."

"ಅವರವ್ವ ಇದ್ದಾಳೇನು?"

"ಇದ್ದಾಳ. ದೇಗಾಂವದ ಸೋಮವ್ವ ಅಂತ."

ಬಾಯವ್ವ ಪತ್ರಕ್ಕೆ ಸಹಿ ಹಾಕಿದಳು. ಎದ್ದು ಮೊರವನ್ನು ಒಳಗಿಟ್ಟು, ಮುಖ ತೊಳೆದು, ಚಪ್ಪಲಿ ಮೆಟ್ಟಿ ಬಾಗಿಲಿಗೆ ಕೀಲಿ ಹಾಕಿದಳು. ಠಾಣೆಗೆ ಹೊರಟಳೆ ಎಂದು ಅನ್ನಪೂರ್ಣಾ ದಾರಿ ಬಿಟ್ಟು ನಿಂತಳು.

"ದೇಗಾಂವದ ಬಸ್ಸು ಎಷ್ಟಕ್ಕೈತಿ, ತಂಗಿ?" ಎಂದು ಬಾಯವ್ವ ಕೇಳಿದಳು.